ಬೀಗಿತ್ತಿ ಗುರುತಿಸಿದ ಬೆವರು

ಮೊದಲು ನಿನ್ನ ಮಗಳು ಹಂಸನ ತಲೆ ಮೇಲೆ ಆಣೆ ಇಡು ವಿನುತಾ, ಈ ಮಾತು ನಿನ್ನ ಅಡುಗೆಮನೆ ಹೊಸ್ತಿಲು ದಾಟಲ್ಲ ಅಂತ. ಅವಳು ಸ್ಕೂಲಲ್ಲಿದ್ರೇನು, ಮನಸ್ಸಲ್ಲೇ ಇಡು. ಇಟ್ಯಾ? ಹ್ಞೂಂ, ಈಗ ಕೇಳು.

ನೀನು ಕೇಳಿದ್ದೇನು? "ಹಂಸಂಗೆ ಈ ಶುಗರ್ರು ನನ್ನ ತವರಿಂದಲೇ ಬಂತಾ ರಾಜಕ್ಕ? ಅತ್ತೆ ಹಂಗೇ ಅಂತಾರೆ" ಅಂತ ತಾನೆ. ನಾಳೆ ಆ ರಿಸರ್ಚ್ ಮಾಡೋ ಡಾಕ್ಟರಮ್ಮ ಮತ್ತೆ ಬರ್ತಾಳೆ. ರಕ್ತದಲ್ಲೇ ತಲೆಮಾರಿಂದ ತಲೆಮಾರಿಗೆ ಇಳಿಯೋ ಶುಗರ್ರು ಅಂತ ಒಂದಿದೆಯಂತೆ. ಅದೇ ಆಗಿದ್ರೆ ಕೆಲವು ಮಕ್ಕಳಿಗೆ ಸೂಜಿ ಬಿಡಿಸಿ ಮಾತ್ರೆ ಸಾಕು ಅಂತಾರಂತೆ. ಅದಕ್ಕೆ ಮನೇಲಿ ಯಾರ್ಯಾರಿಗೆ ಇತ್ತು ಅಂತ ಅವಳಿಗೆ ಗೊತ್ತಾಗಬೇಕು. ನಿಮ್ಮತ್ತೆ ಏನಂದ್ಲು? "ನಮ್ಮ ವಂಶದಲ್ಲಿ ಯಾರಿಗೂ ಇಲ್ಲ" ಅಂದ್ಲು. ಮಗು ಹೊಟ್ಟೆ ಚುಚ್ಚಿಸ್ಕೊಳ್ತಾ ಕೂತಿದೆ.

ನೆಟ್ಟಗೆ ಉತ್ತರ ಹೇಳಿದ್ರೆ ಜಗಳ ಆಗುತ್ತೆ. ಒಂದು ಕತೆ ಹೇಳ್ತೀನಿ.

ಒಬ್ಬಳು ತಾಯಿ ಇದ್ಲು. ಗಂಡ ಕಡ್ಡಿಯಂಗೆ ಸಣಕಲು, ಆದ್ರೂ ಶುಗರ್ರು. ಅವನಪ್ಪಂಗೂ ಅದೇ. ಗಂಡ ಸತ್ತಾಗ ಕಾಮಾಲೆ ಅಂತ ಬೀದಿಗೆಲ್ಲ ಹೇಳಿದ್ಲು. ಆಮೇಲೆ ಮಗಳಿಗೆ ಬಂತು, ಇಂಜೆಕ್ಷನ್ ಶುರುವಾಯ್ತು. ಅದನ್ನ ಫ್ರಿಜ್ಜಲ್ಲಿ ಹುಣಸೆಹಣ್ಣಿನ ಡಬ್ಬಿಯೊಳಗೆ ಬಚ್ಚಿಡೋಳು. ಮಗನಿಗೆ ಪರೀಕ್ಷೆನೇ ಮಾಡಿಸಲಿಲ್ಲ. ನೋಡಿದ್ರೆ ತಾನೆ ಇದೆ ಅನ್ನೋದು.

ಮಗಳಿಗೆ ಒಳ್ಳೆ ಸಂಬಂಧ ಕೂಡಿತು. ನಿಶ್ಚಿತಾರ್ಥದ ದಿನ ಗಂಡಿನ ಕಡೆಯೋರು ತಡವಾಗಿ ಬಂದ್ರು. ಬಾಗಿಲಲ್ಲಿ ಅವರ ದನಿ ಕೇಳಿದ್ದೇ, ಇನ್ನೇನು ಊಟ ಅಂದ್ಕೊಂಡು ತಾಯಿ ಬಚ್ಚಲಮನೇಲಿ ಮಗಳಿಗೆ ಸೂಜಿ ಚುಚ್ಚಿ ಹಸೆ ಮೇಲೆ ಕೂರಿಸಿದ್ಲು. ಪುರೋಹಿತ ಗಡಿಯಾರ ನೋಡಿ, "ರಾಹುಕಾಲ ಹಿಡೀತಲ್ಲ. ಕಳೀಲಿ, ಆಮೇಲೆ ತಟ್ಟೆ ಬದಲಾಯಿಸೋಣ. ಅಲ್ಲೀತನಕ ಹುಡುಗಿ ಬಾಯಿಗೆ ಏನೂ ಹಾಕೋ ಹಂಗಿಲ್ಲ" ಅಂದ.

ಚುಚ್ಚಿದ ಮೇಲೆ ಉಣ್ಣದಿದ್ರೆ ಶುಗರ್ರು ಪಾತಾಳಕ್ಕಿಳಿಯುತ್ತೆ. ತಾಯಿಗೆ ಗೊತ್ತು.

ಫ್ಯಾನಿನ ಕೆಳಗೇ ಹುಡುಗಿ ಹಣೆ ಬೆವರಿತು. ಕೈ ನಡುಗಿ ಬಳೆ ಸದ್ದಾಯ್ತು. ಎದುರಿಗೇ ತಟ್ಟೇಲಿ ಸಕ್ಕರೆ ಅಚ್ಚು, ಕೈ ಚಾಚಿದ್ರೆ ಸಿಗೋದು. ಆದ್ರೆ ಚಾಚಿದ್ರೆ ಯಾಕೆ ಅಂತ ನೂರು ಬಾಯಿ ಕೇಳ್ತಾವೆ. ಇನ್ನೊಂಚೂರು ತಡ್ಕೋ ಅಂತ ತಾಯಿ ಕಣ್ಣಲ್ಲೇ ಅಂದ್ಲು. ಮಗಳ ಕಣ್ಣು ಅವಳನ್ನ ನೋಡ್ತಾನೇ ಇರಲಿಲ್ಲ, ಮೇಲಕ್ಕೆ ಸಿಕ್ಕೊಂಡಿತ್ತು. "ನಾಚಿಕೆ ನೋಡಿ ಹುಡುಗೀಗೆ" ಅಂತ ಯಾರೋ ನಕ್ರು. ತಾಯೀನೂ ನಕ್ಕಳು. ನಕ್ಕಳು ಕಣೇ.

ಆಗ ಗಂಡಿನ ತಾಯಿ ದಡಕ್ಕನೆ ಎದ್ದು, ತನ್ನ ಬ್ಯಾಗಿಂದ ಗ್ಲೂಕೋಸ್ ಪೊಟ್ಟಣ ತೆಗೆದು ಹಲ್ಲಲ್ಲೇ ಹರಿದು, ಬೆರಳಿಂದ ಹುಡುಗಿ ಕೆನ್ನೆಯೊಳಗೆ ಸವರಿದ್ಲು. ಮತ್ತೆ ಸವರಿದ್ಲು. ಕೊನೆಗೆ ಹುಡುಗಿ ಗುಟುಕರಿಸಿದ್ಲು.

"ಈ ಬೆವರು ನಂಗೆ ಗೊತ್ತಮ್ಮ, ನನ್ನ ಮಗನಿಗೂ ಹಿಂಗೇ ಬರುತ್ತೆ" ಅಂದ್ಲು ಗಂಡಿನ ತಾಯಿ. "ನೀವು ಒಂದು ಮಾತು ಹೇಳಬಾರದಿತ್ತಾ? ನಾವೂ ಹೇಳಲಿಲ್ಲ ಬಿಡಿ."

ಆ ಹೆಂಗಸಿನ ಕಾಲು ಹಿಡೀಬೇಕಿತ್ತು ತಾಯಿ. ಏನ್ ಮಾಡಿದ್ಲು ಗೊತ್ತಾ? ತಟ್ಟೆ ಹಿಂದಕ್ಕೆಳ್ಕೊಂಡು, "ಶುಗರ್ ಇರೋ ಮನೆಗೆ ನಾವು ಹೆಣ್ಣು ಕೊಡೋರಲ್ಲ" ಅಂದ್ಲು. ಕೋಸಂಬರಿ ಬಡಿಸೋಕೆ ನಿಂತಿದ್ದೋರ ಕೈಯಿಂದ ಸೌಟು ಬಿತ್ತು.

ಆಮೇಲೆ ಮಗಳನ್ನ ಯಾರಿಗೂ ಗುರುತಿಲ್ಲದ ದೂರದೂರಿಗೆ ಕೊಟ್ಟು ಕೈ ತೊಳ್ಕೊಂಡ್ಲು. ಮಗನಿಗೂ ಹೆಣ್ಣು ತಂದ್ಲು. ಆ ಸೊಸೆ ಕಿವಿಗೆ ಇದ್ಯಾವುದೂ ಬೀಳದಂಗೆ ಇಷ್ಟು ವರ್ಷ ಕಾದಿದಾಳೆ.

ಶ್, ಗೇಟು ಸದ್ದಾಯ್ತು, ನಿಮ್ಮತ್ತೆ ಬಂದ್ಲು. ಏನು? ಆ ತಾಯಿ ಈಗ ಎಲ್ಲಿದಾಳೆ ಅಂತೀಯಾ?

ಹೋಗಿ ಬಾಗಿಲು ತೆಗಿ, ಅಲ್ಲೇ ನಿಂತಿದಾಳೆ.