ಹೋತ ಬಿಟ್ಟುಹೋದ ಬೆಟ್ಟ

ಸುತ್ತಲಿನ ಬೆಟ್ಟಗಳನ್ನೆಲ್ಲ ಪಟ್ಟಿ ಮಾಡಿ, ಅವನ್ನು ಹತ್ತಿ ಮುಗಿಸುವವರೆಗೂ ಹಟ್ಟಿಯಲ್ಲಿ ಮಲಗುವುದಿಲ್ಲವೆಂದು ಒಂದು ಹೋತ ಹಟ ತೊಟ್ಟಿತ್ತು. ಕೊನೆಯದನ್ನೂ ಹತ್ತಿಳಿದು, ಮಂಡಿ ನೋವಿನಲ್ಲಿ ಕುಂಟುತ್ತ ಹಟ್ಟಿಯ ಕಡೆ ಹೊರಟಾಗ ದಾರಿಬದಿಯ ದಿಬ್ಬ ಕೂಗಿತು: "ಹೋತಣ್ಣಾ, ನನ್ನನ್ನು ಬಿಟ್ಟೆಯಲ್ಲ!"

"ತಾಳೆಮರಕ್ಕಿಂತ ಎತ್ತರವಿದ್ದರೆ ಮಾತ್ರ ಬೆಟ್ಟ. ನೀನು ಗಿಡ್ಡ. ಸುಮ್ಮನಿರು ಮಾರಾಯ, ನಿದ್ದೆ ಬರ್ತಿದೆ."

"ನಿನ್ನೆವರೆಗೂ ಗಿಡ್ಡನೇ. ಹತ್ತಿದವರೆಲ್ಲ ನೆತ್ತಿಯ ಮೇಲೊಂದು ಕಲ್ಲಿಡೋದು ವಾಡಿಕೆಯಲ್ಲವಾ? ಬೆಳಿಗ್ಗೆ ನನ್ನನ್ನು ಹತ್ತಿ ದಾಟುವಾಗ ನೀನೂ ಇಟ್ಟೆ. ಆ ಕಲ್ಲಿನಿಂದಲೇ ನಾನು ತಾಳೆಮರ ದಾಟಿದೆ."

"ಹಾಗಾದರೆ ಬೆಳಿಗ್ಗೆಯೇ ಹತ್ತಿದೆನಲ್ಲ!"

"ಆಗ ನೀನು ಹತ್ತಿದ್ದು ದಿಬ್ಬವನ್ನು."

ಹೋತಕ್ಕೆ ಅಳುವೇ ಬಂತು. "ನಿನ್ನ ಸಹವಾಸವೇ ಬೇಡ. ನನ್ನ ಕಲ್ಲು ನಾನು ತೆಗೆದುಕೊಂಡು ಹೋಗ್ತೀನಿ."

"ಧಾರಾಳವಾಗಿ ತಗೋ ಅಣ್ಣಾ," ಎಂದಿತು ದಿಬ್ಬ. "ತುದಿಯಲ್ಲೇ ಇದೆ, ಹತ್ತಿ ಬಾ."