ದೂರಿದವರ ಕೈಗೆ ಗುದ್ದಲಿ

ಒಂದು ಒಗಟು ಹೇಳ್ತೀನಿ, ಬಿಡಿಸಿ ನೋಡೋಣ. ಬಾಯಿ ಬಿಟ್ಟವನ ಕೈಗೆ ಗುದ್ದಲಿ, ಬಾಯಿ ಮುಚ್ಚಿದವನ ಮನೆಗೆ ಕೊಚ್ಚೆ. ಏನದು?

ಸೋತ್ರಾ? ಸೋಲಲೇಬೇಕು. ಕೆಂಪುಗೋಡು ಪಟ್ಟಣದಲ್ಲಿ ಹುಟ್ಟಿದವರನ್ನು ಬಿಟ್ಟು ಇನ್ಯಾರಿಗೂ ಇದರ ಉತ್ತರ ಬರೋದಿಲ್ಲ. ಅದು ಆ ಊರಿನ ಕಾಯಿದೆ. ಚರಂಡಿ ಕಟ್ಟಿದೆ, ಬಾವಿ ಕುಸಿದಿದೆ ಅಂತ ಯಾರು ದೂರು ತರುತ್ತಾರೋ ಅವರೇ ಅದನ್ನು ಸರಿಮಾಡಬೇಕು! ಈ ಕಾಯಿದೆ ಹುಟ್ಟಿದ್ದು ಊರಿನ ಉಸ್ತುವಾರಿ ನೋಡುವ ಪಾರುಪತ್ಯಗಾರ ನರಸಪ್ಪಯ್ಯನ ತಲೆಯಲ್ಲಿ. ಅವತ್ತಿನಿಂದ ಅವನಿಗೆ ಮಧ್ಯಾಹ್ನದ ನಿದ್ದೆ ಸೊಗಸಾಗಿ ಬರುತ್ತಿತ್ತು.

ದೊರೆ ಸಿರಿಯಪ್ಪ ನಾಯಕರಿಗೂ ಖುಷಿಯೋ ಖುಷಿ.

"ನೋಡಿದೆಯಾ ಗುರುಸಿದ್ದ, ನಮ್ಮ ಊರಲ್ಲಿ ದೂರು ಅನ್ನೋದೇ ಇಲ್ಲ. ಬೇರೆ ದೊರೆಗಳು ಕೇಳಿದರೆ ಹೊಟ್ಟೆ ಉರಿದುಕೊಳ್ತಾರೆ ಕಣಯ್ಯ!"

ಗುರುಸಿದ್ದ ದೊರೆಯ ಹಡಪದವನು. ವೀಳ್ಯದ ಚೀಲ ಹಿಡಿದು ಸದಾ ಮಗ್ಗುಲಲ್ಲೇ ಇರುವವನು. ಎಲೆಗೆ ಸುಣ್ಣ ಸವರುತ್ತಾ ಮೆಲ್ಲಗೆ ಅಂದ, "ದೂರು ಇಲ್ಲವೋ, ದೂರೋ ಧೈರ್ಯ ಇಲ್ಲವೋ, ಬುದ್ಧಿ?"

"ಓಹೋ! ಹಾಗಾದರೆ ನನ್ನ ಮಗಳ ಮದುವೆಯೊಳಗೆ ಒಂದೇ ಒಂದು ದೂರು ನನ್ನ ಕಿವಿಗೆ ಬೀಳಿಸು. ಕೇಳಿದ್ದು ಕೊಡ್ತೀನಿ. ಆಗಲಿಲ್ಲವೋ, ಅರ್ಧ ಮೀಸೆ ಬೋಳಿಸಿ ದಿಬ್ಬಣದ ಮುಂದೆ ನಡೆಸ್ತೀನಿ."

ಗುರುಸಿದ್ದನಿಗೆ ಮೀಸೆ ಅಂದರೆ ಪ್ರಾಣ. ಅದಕ್ಕೆ ಎಣ್ಣೆ ಹಚ್ಚದೆ ಮುದ್ದೆ ಮುರಿದವನಲ್ಲ. ಮೀಸೆ ಮೇಲೆ ಕೈ ಇಟ್ಟುಕೊಂಡೇ ಕುಂಬಾರಗೇರಿಗೆ ಓಡಿದ.

ಅಲ್ಲಿ ಚರಂಡಿ ಕಟ್ಟಿಕೊಂಡು ಊರಿನ ಬಚ್ಚಲ ನೀರೆಲ್ಲ ಸಾಕವ್ವನ ಅಂಗಳದಲ್ಲಿ ನಿಂತಿತ್ತು. ಮಡಕೆ ಸುಡುವ ಆವಿಗೆ ಒದ್ದೆ ಮುದ್ದೆ. ಅರಮನೆ ಮದುವೆಗೆ ಬೇಕಾದ ಐರಣಿ ಗಡಿಗೆಗಳು, ಅದೇ ಬಣ್ಣ ಬಳಿದು ಹಸೆಯ ಪಕ್ಕ ಇಡ್ತಾರಲ್ಲ ಅವು, ಸುಡದೆ ಹಸಿಯಾಗಿ ಕೂತಿದ್ದವು.

"ಗಡಿಗೆ ಕೊಡದಿದ್ರೆ ನರಸಪ್ಪಯ್ಯ ನನ್ನ ಊರು ಬಿಡಿಸ್ತಾನಂತೆ ಕಣಪ್ಪ," ಅಂತ ಸಾಕವ್ವ ಸೆರಗಲ್ಲಿ ಮೂಗೊರೆಸಿಕೊಂಡಳು.

"ಮತ್ತೆ ದೂರು ಕೊಡಕ್ಕ."

"ಬಾವಿ ಕುಸಿದದೆ ಅಂತ ನನ್ನ ಮೈದುನ ಒಂದು ಮಾತಂದ. ಇವತ್ತಿಗೂ ಅಗೀತಾನೇ ಅವ್ನೆ. ಅಷ್ಟು ಇಷ್ಟ ಇದ್ರೆ ನೀನೇ ಕೊಡು!"

"ನಾನು ಅಗೀತಾ ಕೂತ್ರೆ ದೊರೆಗೆ ಎಲೆ ಮಡಚೋರ್ಯಾರು? ಆಳುಕಾಳು ಇರೋ ದೊಡ್ಡ ಕುಳವೇ ದೂರಬೇಕು ಕಣಕ್ಕ. ಒಂದು ಗುದ್ದಲಿ ಮಾತ್ರ ಬಾಗಿಲ ಹತ್ರ ಒರಗಿಸಿಟ್ಟಿರು."

ಮಾರನೆಯ ದಿನ ಗುರುಸಿದ್ದ ದೊರೆಯ ಕಿವಿಯಲ್ಲಿ ರಾಗ ತೆಗೆದ. "ಬುದ್ಧಿ, ಇರೋಳು ಒಬ್ಬಳೇ ಮಗಳು. ಹೆಣ್ಣು ಹೆತ್ತವರು ವಾಲಗ ಊದಿಸಿಕೊಂಡು, ಬರಿಗಾಲಲ್ಲಿ ಹೋಗಿ, ಕುಂಬಾರರ ಆವಿಗೆಗೆ ಪೂಜೆ ಮಾಡಿ ವೀಳ್ಯ ಕೊಡೋದು ನಮ್ಮ ಕಡೆ ಶಾಸ್ತ್ರ. ನೀವು ಆಳು ಕಳಿಸಿ ಕೈತೊಳಕೊಳ್ತೀರಾ?"

"ಛೆ, ಉಂಟಾ? ನಾನೇ ಹೋಗ್ತೀನಿ!"

ನರಸಪ್ಪಯ್ಯ ಬೆಚ್ಚಿಬಿದ್ದ. "ಮಹಾಸ್ವಾಮಿ, ಕುಂಬಾರಗೇರಿಗಾ? ಬೇಡಿ, ಬೇಡಿ!"

"ಯಾಕೆ ಅಯ್ನೋರೆ, ಬೀದಿ ಸರಿಯಿಲ್ವಾ?" ಗುರುಸಿದ್ದ ಕಣ್ಣರಳಿಸಿದ. "ಹೇಳಿ, ನಿಮ್ಮದೇ ದೂರು ಅಂತ ತಗೊಳ್ತೀವಿ."

ನರಸಪ್ಪಯ್ಯನಿಗೆ ಗುದ್ದಲಿ ಕಣ್ಣಮುಂದೆ ಬಂತು. ತಟ್ಟನೆ ಮಾತು ತಿರುಗಿಸಿದ, "ಬೀದಿಗೇನು? ಕನ್ನಡಿ ಹಾಗಿದೆ!"

ಕನ್ನಡಿ ಹಾಗೇ ಇತ್ತು. ಕೊಚ್ಚೆಯಲ್ಲಿ ಆಕಾಶವೆಲ್ಲ ಕಾಣುತ್ತಿತ್ತು. ವಾಲಗದವರು ಊದುತ್ತಾ ಊದುತ್ತಾ ಅಂಚಿಗೆ ಸರಿದರು. ತಲೆ ಎತ್ತಿಕೊಂಡು ಬರುತ್ತಿದ್ದ ದೊರೆ ಮಾತ್ರ ನೆಟ್ಟಗೆ ಕಾಲಿಟ್ಟರು. ಪಚಕ್! ಮೊಣಕಾಲಿನವರೆಗೆ ಹೂತರು.

"ಥೂ! ಯಾವನಯ್ಯ ಇದನ್ನ ನೋಡ್ಕೊಳ್ಳೋನು? ಇದೇನು ಊರಾ, ಹಂದಿಗೂಡಾ?"

ವಾಲಗ ಗಪ್ಪನೆ ನಿಂತಿತು. ಗುರುಸಿದ್ದ ಕೈಮುಗಿದ. "ಬುದ್ಧಿ, ಈಗ ತಾವು ಅಂದದ್ದು ದೂರೇ ತಾನೆ?"

"ದೂರಲ್ಲದೆ ಲಾಲಿ ಹಾಡಾ?"

"ಹಾಗಾದರೆ ತಗೊಳ್ಳಿ." ಬಾಗಿಲಲ್ಲಿದ್ದ ಗುದ್ದಲಿಯನ್ನು ತಂದು ಎರಡೂ ಕೈಯಿಂದ ಒಪ್ಪಿಸಿದ. "ಕಾಯಿದೆಗೆ ತಮ್ಮ ಮುದ್ರೆ ಬಿದ್ದಿದೆ. ಅಗೆಯೋಕೆ ಶುರು ಮಾಡೋಣವಾಗಲಿ."

ದೊರೆ ಗುದ್ದಲಿ ನೋಡಿದರು, ಒದ್ದೆ ಆವಿಗೆ ನೋಡಿದರು, ಜಗಲಿ ಮೇಲೆ ನಿಂತಿದ್ದ ಸಾಕವ್ವನನ್ನು ನೋಡಿದರು. "ಏನವ್ವ, ನೀನ್ಯಾಕೆ ನನಗೆ ಹೇಳಲಿಲ್ಲ?"

"ಹೇಳಿದ್ರೆ ಆ ಗುದ್ದಲಿ ನನ್ನ ಕೈಲಿರ್ತಿತ್ತು ಬುದ್ಧಿ. ನಿಮ್ಮ ಮಗಳಿಗೆ ಗಡಿಗೆ ಯಾರು ತಟ್ಟೋರು?"

ದೊರೆ ಮೊದಲು ಕೆಮ್ಮಿದರು. ಕೆಮ್ಮು ನಗುವಾಯಿತು. ಕೊಚ್ಚೆಯಲ್ಲಿ ನಿಂತೇ ಹೊಟ್ಟೆ ಹಿಡಿದುಕೊಂಡು ನಕ್ಕು, ಗುದ್ದಲಿಯನ್ನು ನರಸಪ್ಪಯ್ಯನ ಕೈಗೆ ತುರುಕಿದರು. "ಗೆದ್ದೆ ಕಣೋ ಗುರುಸಿದ್ದ. ಏನು ಬೇಕು ಕೇಳು."

"ಕಾಯಿದೆನ ಒಂಚೂರು ತಿದ್ದಿ ಸಾಕು. ದೂರಿದವರ ಕೈಗೆ ಗುದ್ದಲಿ ಬೇಡ. ದೂರು ಎಲ್ಲಿಂದ ಬರುತ್ತೋ, ಅದು ಸರಿಹೋಗೋ ತನಕ ಪಾರುಪತ್ಯಗಾರರ ಹಾಸಿಗೆ ಅಲ್ಲೇ."

ಸಾಕವ್ವನ ಜಗಲಿಯಲ್ಲಿ ಸೊಳ್ಳೆಗಳು ನರಸಪ್ಪಯ್ಯನಿಗೆ ಚೆನ್ನಾಗಿ ಉಪಚಾರ ಮಾಡಿದವು. ಬೆಳಗಾದದ್ದೇ ತಡ, ಆಳುಗಳನ್ನು ಕೂಗಿ ಚರಂಡಿ ಬಿಡಿಸಿದ. ನೀರು ಹರಿಯಿತು, ಆವಿಗೆ ಒಣಗಿತು, ಗಡಿಗೆಗಳು ಠಣ್ ಅನ್ನುವಂತೆ ಬೆಂದು ಹಸೆಯ ಪಕ್ಕ ಕೂತವು. ಸಾಕವ್ವ ಊರಲ್ಲೇ ಉಳಿದಳು, ಮೀಸೆ ಮುಖದಲ್ಲೇ ಉಳಿಯಿತು.

ಆಮೇಲೆ ಜನಕ್ಕೆ ಬಾಯಿ ಬಂತು ನೋಡಿ! ನೇಕಾರಗೇರಿಯ ಬಾವಿಗೆ ರಾಟೆ ಇಲ್ಲ, ಸಂತೆಬೀದಿಯಲ್ಲಿ ಕಸದ ಗುಡ್ಡೆ. ಹಾಸಿಗೆ ಬಿಚ್ಚುವ ಮೊದಲೇ ಕೆಲಸ ಆಗುತ್ತಿತ್ತು. ಊರು ಫಳಫಳ.

ಆದರೆ ಬೆಳಗಾದರೆ ಅರಮನೆ ಬಾಗಿಲಲ್ಲಿ ಗದ್ದಲ. ದೊರೆ ಗೊಣಗಿದರು, "ಇದೆಂಥ ಕಾಟ ಗುರುಸಿದ್ದ! ನನಗೆ ನಿದ್ದೆನೇ ಇಲ್ಲವಲ್ಲ!"

ಗುರುಸಿದ್ದ ಎಲೆ ಮಡಚಿ ಕೊಟ್ಟು ಬಾಗಿಲ ಕಡೆ ಕೂಗಿದ, "ಯಾರಲ್ಲಿ! ಅರಮನೆಯಿಂದಲೂ ದೂರು ಬಂತು. ನರಸಪ್ಪಯ್ಯನ ಹಾಸಿಗೆ ತಂದು ದೊರೆಗಳ ಮಂಚದ ಪಕ್ಕ ಹಾಸಿ!"

ನಿಜ ಹೇಳ್ತೀನಿ, ಕತೆ ನನಗೆ ಸಿಕ್ಕಿದ್ದು ಚರಂಡಿ ಬಿಡಿಸೋವರೆಗೆ ಮಾತ್ರ. ಮಂಚದ ಪಕ್ಕದ ಹಾಸಿಗೆ ನಾನೇ ಹಾಸಿದ್ದು. ಅದರ ಬಗ್ಗೆ ದೂರಿದ್ದರೆ ಹೇಳಿ, ಹಾಸಿಗೆ ಸುತ್ತಿಕೊಂಡು ನಿಮ್ಮನೆಗೇ ಬರ್ತೀನಿ.