ಕಪ್ಪೆ ಕೊಂಡ ಕ್ಯಾಮೆರಾ

ತನ್ನ ಗೊದಮೊಟ್ಟೆ ಮರಿಗಳ ವಿಡಿಯೋ ತೆಗೆಯಬೇಕೆಂದು ತಾಯಿ ಕಪ್ಪೆಯೊಂದು ಕಾಗೆಯ ಅಂಗಡಿಗೆ ಹೋಯಿತು. ತನ್ನ ಕುಣಿತಕ್ಕೆಂದು ಕ್ಯಾಮೆರಾ ನೋಡಲು ನವಿಲೂ ಅಲ್ಲಿಗೆ ಬಂದಿತ್ತು.

"ಕೊಂಡರೆ ಎಲ್ಲಕ್ಕಿಂತ ದೊಡ್ಡದನ್ನೇ ಕೊಳ್ಳಬೇಕು. ಅದು ಕೈಗೆಟುಕುವವರೆಗೆ ನಾನು ಕಾಯುತ್ತೇನೆ, ನೀನೂ ಕಾಯಿ," ಎಂದಿತು ನವಿಲು.

"ನಾನು ಕಾದೇನು ನವಿಲಣ್ಣ, ಮಕ್ಕಳ ಬಾಲ ಕಾಯುವುದಿಲ್ಲವಲ್ಲ!"

ಆಗ ಮೂಲೆಯಲ್ಲಿದ್ದ ಅಗ್ಗದ ಕ್ಯಾಮೆರಾ ಬಾಯಿಬಿಟ್ಟಿತು: "ಅಮ್ಮಾ, ಮೊದಲೇ ಹೇಳಿಬಿಡುತ್ತೇನೆ. ನನಗೆ ಕತ್ತಲಲ್ಲಿ ಕಾಣುವುದಿಲ್ಲ, ದೂರದ್ದೂ ಅಷ್ಟಕ್ಕಷ್ಟೇ. ಹಗಲಲ್ಲಿ ಹತ್ತಿರ ಹಿಡಿದರೆ ಚೆನ್ನಾಗಿ ತೆಗೆಯುತ್ತೇನೆ."

"ನನ್ನ ಮಕ್ಕಳು ಆಡುವುದು ದಡದ ಬಿಸಿಲಲ್ಲೇ," ಎಂದು ಕಪ್ಪೆ ಅದನ್ನೇ ಕೊಂಡಿತು.

ಮಳೆಗಾಲ ಮುಗಿಯಿತು. ಕಾಲು ಮೂಡಿ ಬಾಲ ಕರಗಿದ್ದ ಮರಿಗಳು ವಿಡಿಯೋ ನೋಡಿ, "ಇದು ನಾವೇನಾ ಅಮ್ಮಾ?" ಎಂದು ಬಿದ್ದು ಬಿದ್ದು ನಕ್ಕವು. ಆ ಸದ್ದಿಗೆ ನವಿಲು ಬಂದು ಇಣುಕಿತು. ದೊಡ್ಡ ಕ್ಯಾಮೆರಾ ಇನ್ನೂ ಅಂಗಡಿಯಲ್ಲೇ ಇತ್ತು. ನವಿಲಿನ ಗರಿಗಳೆಲ್ಲ ಉದುರಿಹೋಗಿದ್ದವು.

"ಈ ವರ್ಷದ ಕುಣಿತ ಹೋಯಿತು," ಎಂದಿತು ಅದು.

"ಗರಿ ಮುಂದಿನ ಮಳೆಗೆ ಬರುತ್ತದೆ. ಹೆಜ್ಜೆಗಳೇನೂ ಉದುರಿಲ್ಲವಲ್ಲ," ಎಂದು ಕಪ್ಪೆ ಕ್ಯಾಮೆರಾ ಎತ್ತಿ ಹಿಡಿಯಿತು. "ಕುಣಿಯಿರಿ ಅಣ್ಣ."

ನವಿಲು ಅತ್ತಿತ್ತ ನೋಡಿತು. ಆಮೇಲೆ ಮೆಲ್ಲಗೆ ಒಂದು ಕಾಲೆತ್ತಿತು.